16 ಬೋರ್ ಹೋಯಿತು, ತೋಟಾ ಸಮೇತ

"ಗೌಡ್ರ, ಇದಕ್ಕ ಕಾಡತೂಸು ಎಲ್ಲಿ ಸಿಗ್ತಾವ್ರೀ? ಬಂದಷ್ಟಕ್ಕ ಕೊಟ್ಟುಬಿಡ್ರಿ" ಅಂದಿದ್ದರು ಬಂದೂಕಿನ ಅಂಗಡಿಯವರು. ನಮ್ಮಜ್ಜನ ಬಂದೂಕು, ವೆಬ್ಲಿ ಸ್ಕಾಟ್ ಅನ್ನುವ ಇಂಗ್ಲಿಷ್ ಕಂಪನಿಯದು, ಜೋಡಿ ನಳಿಗೆ, 16 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ). ಅವರು ಕೇಳಿದ್ದು 8 ಸಾವಿರಕ್ಕೆ. ನಾನು ಕೊನೆಗೆ ಮಾರಿದ್ದು 70 ಸಾವಿರದ ಹತ್ತಿರ ಹತ್ತಿರ.

2019ರ ಡಿಸೆಂಬರ್‌ನಲ್ಲಿ ಕಾನೂನು ಬದಲಾಯಿತಲ್ವಾ, ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ನನ್ನ ಹತ್ತಿರ ಮೂರಿದ್ದವು. ವರ್ಷದೊಳಗೆ ಒಂದನ್ನು ಬಿಡಬೇಕು. 12 ಬೋರ್ ಮಾರು, ಬೇಗ ಹೋಗುತ್ತದೆ ಅಂತ ಗಂಗಾವತಿಯ ಗೆಳೆಯರೆಲ್ಲ ಹೇಳಿದರು. ಹೋಗುತ್ತಿತ್ತು, ನಿಜ. ಆದರೆ ಅದಕ್ಕೆ ಪುಣೆಯ ಖಡ್ಕಿ ಕಾರ್ಖಾನೆಯ ತೋಟಾ, ಅಂದರೆ ಕಾಡತೂಸು, ಸಿಗುತ್ತದೆ. 16ಕ್ಕೆ ಅಂಗಡಿಯಲ್ಲಿ ಹೊಸ ತೋಟಾ ನೋಡಿ ನನಗೆ ಎಷ್ಟು ವರ್ಷವಾಯಿತೋ! ಜೊತೆಗೆ ಎರಡೂ ಮನೆಯಲ್ಲಿದ್ದರೆ ಎಲ್ಲಿ ತೋಟಾ ಅದಲುಬದಲಾಗುತ್ತದೋ ಅಂತ ನನಗೆ ಹೆದರಿಕೆ.

ಮೊದಲು ಎಡವಿದ್ದು ಪಾಲಿಶ್‌ನಲ್ಲಿ. ನಳಿಗೆ ಮಾಸಿದೆ ಅಂತ 4 ಸಾವಿರ ಕೊಟ್ಟು ಹೊಳಪು ಕೊಡಿಸಿದೆ. ರಾಯಚೂರಿನಿಂದ ಬಂದವರು ಒಮ್ಮೆ ನೋಡಿ, "ಹಳೇ ಬಣ್ಣಾನ ತಗದುಬಿಟ್ಟೀರಲ್ರೀ" ಅಂತ ಚಹಾನೂ ಕುಡಿಯದೆ ಹೋದರು. ಮಾರುವ 45 ದಿನ ಮುಂಚೆ ಠಾಣೆಗೆ ಬರೆದು ತಿಳಿಸುವ ಕಾಗದದ್ದು ಇನ್ನೊಂದು ಕಥೆ. ಮೊದಲನೆಯದಕ್ಕೆ ಸಹಿ, ಸೀಲು ಏನೂ ತಗೊಂಡಿರಲಿಲ್ಲ. ಲಾಕ್‌ಡೌನ್ ಮುಗಿಸಿ ಹೋಗಿ ಕೇಳಿದರೆ ಅಂಥ ಕಾಗದವೇ ಇಲ್ಲ ಅಂದರು. ಮತ್ತೆ ಒಂದರಿಂದ ಎಣಿಸಿದೆ.

ಈ ನಡುವೆ ನನಗೊಂದು ವಿಷಯ ಹೊಳೆಯಿತು. ಇಂಥ ಬೋರಿನಲ್ಲಿ ಬಂದೂಕು ಬೇರೆ, ತೋಟಾ ಬೇರೆ ಮಾಡಿದರೆ ಎರಡಕ್ಕೂ ಬೆಲೆ ಇಲ್ಲ. ಅಲಮಾರಿಯಲ್ಲಿ ಎಲಿ ಅನ್ನುವ ಇಂಗ್ಲಿಷ್ ಕಂಪನಿಯ ಕಾಗದದ ತೋಟಾ ಸುಮಾರು 40 ಇದ್ದವು. ಕೆಲವು ತೇವಕ್ಕೆ ಉಬ್ಬಿದ್ದವು. ನಳಿಗೆಗೆ ಹಾಕಿ ನೋಡಿದರೆ ಸಿಕ್ಕಿಕೊಳ್ಳುತ್ತವೆ, ಹಾಗಾಗಿ ರೈಸ್ ಮಿಲ್ ಪಕ್ಕದ ಲೇತ್‌ನಲ್ಲಿ ಒಂದು ಹಿತ್ತಾಳೆ ಬಳೆ ಕಡೆಸಿದೆ. ಅದರಲ್ಲಿ ಸಲೀಸಾಗಿ ದಾಟಿದ್ದು ಪಾಸು. ಅಳತೆ ಮಾತ್ರ ಕೇಳಬೇಡಿ. ಫೇಲಾದದ್ದು ಏಳೋ ಎಂಟೋ. ಅಕ್ಕಿ ತೇವ ಹೀರುತ್ತೇನೋ, ಸುಮ್ನೆ ನೋಡೋಣ ಅಂತ ಅವುಗಳಲ್ಲಿ ಎರಡನ್ನು ಸೋನಾ ಮಸೂರಿ ಡಬ್ಬಿಯಲ್ಲಿ ಒಂದು ತಿಂಗಳು ಹೂತಿಟ್ಟೆ. ಕೂದಲೆಳೆಯಷ್ಟೂ ಇಳಿಯಲಿಲ್ಲ. ಅನ್ನಕ್ಕೆ ಅಕ್ಕಿ ತೆಗೆಯುವಾಗ ಹೆಂಡತಿಯ ಕೈಗೆ ಸಿಕ್ಕವು. ಆವತ್ತು ರಾತ್ರಿ ನನಗೆ ಊಟ ತಡವಾಯಿತು. ಫೇಲಾದವನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ.

ಕೊಳ್ಳುವವರು ಸಿಕ್ಕಿದ್ದು ಕೊಡಗಿನಲ್ಲಿ. ಹೇಗೆ ಹುಡುಕಿದೆ ಅಂತ ಈಗ ಹೇಳುವುದಿಲ್ಲ, ಚಿಕ್ಕಪ್ಪನ 20 ಬೋರ್ ಇನ್ನೂ ಮಾರುವುದಿದೆ. ಅವರ ಹತ್ತಿರ ಆಗಲೇ ಒಂದು 16 ಬೋರ್ ಇತ್ತು, ತೋಟಾ ಇಲ್ಲದೆ ಸುಮ್ಮನೆ ಕೂತಿತ್ತು. ಅವರಿಗೆ ಬೇಕಿದ್ದದ್ದು ನನ್ನ ತೋಟಾ. ಬಂದೂಕನ್ನೂ ತಗೊಂಡರೆ ಮಾತ್ರ ತೋಟಾ, ಇಲ್ಲದಿದ್ದರೆ ಇಲ್ಲ ಅಂದೆ. ಒಂದು ವಾರ ಫೋನೇ ಇಲ್ಲ. ಆಮೇಲೆ ತಮ್ಮ ಲೈಸೆನ್ಸು, ಅನುಮತಿ ಪತ್ರ ಎಲ್ಲ ಹಿಡಿದು ತಾವೇ ಬಂದರು. ಎರಡೂ ಕಡೆಯ ಲೈಸೆನ್ಸ್ ಪುಸ್ತಕದಲ್ಲಿ ಬರೆಸುವ ಓಡಾಟಕ್ಕೆ ನನಗೆ ಮೂರು ಸಾವಿರ ಹೋಯಿತು.

ಹೊರಡುವಾಗ ಅವರ ಕಣ್ಣು ಎಲಿ ತೋಟಾದ ಹಳೇ ರಟ್ಟಿನ ಡಬ್ಬಿ ಮೇಲೆ ಬಿತ್ತು. ಅವ್ವ ಅದರಲ್ಲಿ ಗುಂಡಿ, ಸೂಜಿ ಹಾಕಿಡುತ್ತಿದ್ದಳು. "ಇದನ್ನೂ ಕೊಡ್ತೀರಾ?" ಅಂದರು. ಐನೂರಕ್ಕೆ ಕೊಟ್ಟೆ. ಗುಂಡಿಗಳನ್ನು ಅವ್ವ ಒಂದೊಂದೇ ಎಣಿಸಿ ತಗೊಂಡಳು, ಐನೂರನ್ನೂ ತಗೊಂಡಳು.