ಬಿಸಿ ಎಲ್ಲಿ ನಿಂತಿತ್ತು

ಏಪ್ರಿಲ್ ಕೊನೆಯ ವಾರ. ನಾಲ್ಕು ಮದುವೆ ಆಲ್ಬಂಗಳ ಕೆಲಸ ಕೈಯಲ್ಲಿತ್ತು. ಮಧ್ಯಾಹ್ನ ಎರಡೂವರೆಗೆ ಮೊದಲನೆಯದರ ಪುಟಗಳನ್ನು ಫೋಟೋಶಾಪ್‌ನಲ್ಲಿ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಎದ್ದೆ. ಅನ್ನ ಬಡಿಸಿಕೊಳ್ಳುವಷ್ಟರಲ್ಲಿ ಕೋಣೆಯಿಂದ ಬರುತ್ತಿದ್ದ ಕಂಪ್ಯೂಟರ್ ಫ್ಯಾನಿನ ಸದ್ದು ಥಟ್ಟನೆ ನಿಂತಿತು. ಹೋಗಿ ನೋಡಿದರೆ ಸ್ಕ್ರೀನ್ ಕಪ್ಪು. ಕರೆಂಟ್ ಇತ್ತು, ಯುಪಿಎಸ್ ದೀಪ ಹಸಿರಾಗೇ ಇತ್ತು. ಬಟನ್ ಒತ್ತಿದರೆ ಒಂದು ಕ್ಷಣ ತಿರುಗಿ ಮತ್ತೆ ಆಫ್. ಹತ್ತು ನಿಮಿಷ ಬಿಟ್ಟು ಒತ್ತಿದಾಗ ಏನೂ ಆಗದ ಹಾಗೆ ಆನ್ ಆಯಿತು.

ನಮ್ಮದು ಮಂಡ್ಯದಿಂದ ಏಳು ಕಿಲೋಮೀಟರ್ ದೂರದ ಹಳ್ಳಿ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಫ್ಲೆಕ್ಸು, ಆಲ್ಬಂ ಎಲ್ಲವನ್ನೂ ಮನೆಯಲ್ಲೇ ಡಿಸೈನ್ ಮಾಡಿ ಪಟ್ಟಣದ ಸ್ಟುಡಿಯೋಗಳಿಗೆ ಕಳಿಸುತ್ತೇನೆ. ನನ್ನ ಕಂಪ್ಯೂಟರ್ ಹಳೆಯದು: ನಾಲ್ಕನೇ ತಲೆಮಾರಿನ ಐ5-4460 ಪ್ರೊಸೆಸರ್, 16 ಜಿಬಿ ರ‍್ಯಾಮ್. ವರ್ಷಗಟ್ಟಲೆ ಅನ್ನ ಕೊಟ್ಟ ಯಂತ್ರ. ಅದರ ಹಿಂದಿನ ಒಂದು ತಿಂಗಳಿಂದ ಮಧ್ಯಾಹ್ನದ ಹೊತ್ತು ಅದು ನಿಧಾನವಾಗುತ್ತಿತ್ತು. ಹಾರ್ಡ್ ಡಿಸ್ಕ್ ತುಂಬಿದೆ ಅಂದುಕೊಂಡು ಹಳೇ ಫೈಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಆ ನಿಧಾನವೇ ಮೊದಲ ಸೂಚನೆಯಾಗಿತ್ತು. ಈ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಪವರ್ ಕಡಿದುಬಿಡುತ್ತದೆ. ನಾನು ಕಂಡಿದ್ದು ಎರಡನೆಯದನ್ನು.

ಪಟ್ಟಣದ ಒಂದು ಅಂಗಡಿಗೆ ಬೈಕಿನಲ್ಲಿ ಹೊತ್ತುಕೊಂಡು ಹೋದೆವು. ಬಿಚ್ಚಿ ನೋಡದೆ, ಉಷ್ಣಾಂಶ ಅಳೆಯದೆ, ಮದರ್‌ಬೋರ್ಡ್ ಹೋಗಿದೆ, ಏಳು ಸಾವಿರ ಆಗುತ್ತದೆ ಅಂದರು. ನನಗೆ ಆ ಮಾತು ಒಪ್ಪಲಾಗಲಿಲ್ಲ. ಹಾಳಾದ ಮದರ್‌ಬೋರ್ಡ್ ಬೆಳಗ್ಗೆ ಆರರಿಂದ ಹತ್ತರವರೆಗೆ ಸರಿಯಾಗಿ ಕೆಲಸ ಮಾಡಿ ಬಿಸಿಲು ಏರಿದ ಮೇಲೆ ಮಾತ್ರ ಕೈಕೊಡುತ್ತದೆಯೇ? ವಾಪಸ್ ತಂದೆ.

ರಾತ್ರಿ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ನಮ್ಮೂರಿನ ನೀರುಗಂಟಿ ಕೆಲಸ ಮಾಡಿದವರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬಿನ ಕೆಳಗಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದರು. ಕಂಪ್ಯೂಟರ್ ಅವರಿಗೆ ಗೊತ್ತಿಲ್ಲ. ಆದರೆ ಕೇಳಿಸಿಕೊಂಡು ಒಂದು ಮಾತು ಹೇಳಿದರು: "ಕೊನೇ ಗದ್ದೆಗೆ ನೀರು ಬರ್ನಿಲ್ಲ ಅಂದ್ರೆ ಕೊನೇಲೇ ನಿಂತ್ಕಂಡ್ರೆ ಏನೂ ಗೊತ್ತಾಗಕಿಲ್ಲ ಕಣವ್ವ. ತೂಬಿಂದ ನಡ್ಕಂಡು ಬರ್ಬೇಕು. ಎಲ್ಲಿ ಹೂಳು ಕಟ್ಟದೆ ಅಂತ ಅಲ್ಲೇ ಕಾಣ್ತದೆ."

ಬಿಸಿಗೂ ಹೀಗೇ ಒಂದು ದಾರಿ ಇದೆ. ಅದು ಹುಟ್ಟುವುದು ಪ್ರೊಸೆಸರ್ ಚಿಪ್ಪಿನಲ್ಲಿ. ನನ್ನದು ಪೂರ್ತಿ ದುಡಿದರೆ 84 ವ್ಯಾಟ್‌ವರೆಗೆ ಬಿಸಿ ಹೊರಹಾಕುತ್ತದೆ. ಅಲ್ಲಿಂದ, ಚಿಪ್ಪಿನ ಮೇಲೆ ಹಚ್ಚಿರುವ ಪೇಸ್ಟಿನ ಮೂಲಕ, ಅದರ ಮೇಲೆ ಕೂತ ಲೋಹದ ಹೀಟ್‌ಸಿಂಕಿನ ಬುಡಕ್ಕೆ, ಬುಡದಿಂದ ಅದರ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳಿಗೆ, ಫಿನ್‌ಗಳಿಂದ ಫ್ಯಾನ್ ಊದುವ ಗಾಳಿಗೆ. ಆ ಗಾಳಿ ಕ್ಯಾಬಿನೆಟ್‌ನಿಂದ ಕೋಣೆಗೆ ಬಂದು, ಕೋಣೆಯಿಂದ ಹೊರಗೆ ಹೋಗಬೇಕು. (ನಾವೆಲ್ಲ ಸಿಪಿಯು ಅಂತ ಕರೆಯುವ ಡಬ್ಬಕ್ಕೆ ಇಲ್ಲಿ ಕ್ಯಾಬಿನೆಟ್ ಅನ್ನುತ್ತಿದ್ದೇನೆ, ಇಲ್ಲದಿದ್ದರೆ ಗೊಂದಲವಾಗುತ್ತದೆ.) ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಟ್ಟಿಕೊಂಡಿದೆ. ಎಲ್ಲಿ ಅನ್ನುವುದನ್ನು ಹುಡುಕಬೇಕು, ಅಷ್ಟೇ.

ಮಾರನೆಯ ದಿನ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಹೆಚ್‌ಡಬ್ಲ್ಯುಮಾನಿಟರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಜೊತೆಗೆ ಗೋಡೆಗೆ ಒಂದು ಸಾಮಾನ್ಯ ಥರ್ಮಾಮೀಟರ್ ತೂಗುಹಾಕಿದೆ, ಯಾಕೆಂದರೆ ಗಾಳಿಯಿಂದ ತಣಿಯುವ ಯಾವ ಕಂಪ್ಯೂಟರೂ ಕೋಣೆಗಿಂತ ತಂಪಾಗಿರಲು ಸಾಧ್ಯವಿಲ್ಲ. ಬೆಳಗ್ಗೆ 70 ಡಿಗ್ರಿ, ಮಧ್ಯಾಹ್ನ 78 ಡಿಗ್ರಿ ಅಂತ ಬರೆದರೆ ಅದರಲ್ಲಿ ಕೋಣೆಯದೆಷ್ಟು, ಯಂತ್ರದ್ದೆಷ್ಟು ಅಂತ ತಿಳಿಯುವುದಿಲ್ಲ. ಎರಡರ ನಡುವಿನ ಅಂತರವೇ ಮುಖ್ಯ. ಅಂದು ಕೋಣೆ 34. ಏನೂ ಮಾಡದೆ ಸುಮ್ಮನಿದ್ದಾಗ ಪ್ರೊಸೆಸರ್ 59. ಆಲ್ಬಂ ಎಕ್ಸ್‌ಪೋರ್ಟ್ ಶುರು ಮಾಡಿದ ಮೂರು ನಿಮಿಷಕ್ಕೆ 99, ಅದರ ಹಿಂದೆಯೇ 3.2 ಗಿಗಾಹರ್ಟ್ಸ್ ಇದ್ದ ವೇಗ ಅರ್ಧಕ್ಕಿಂತ ಕೆಳಗೆ ಇಳಿಯಿತು. ತಕ್ಷಣ ನಿಲ್ಲಿಸಿದೆ.

ಸುಮ್ಮನಿದ್ದಾಗಲೇ 59 ಅಂದರೆ ಒಳಗೆ ಯಾವುದೋ ಪ್ರೋಗ್ರಾಂ ಕದ್ದು ಓಡುತ್ತಿರಬಹುದೇ ಎಂದು ಟಾಸ್ಕ್ ಮ್ಯಾನೇಜರ್ ತೆರೆದೆ. ಶೇಕಡ 2–3 ಅಷ್ಟೇ ಬಳಕೆ. ಹಾಗಾಗಿ ವೈರಸ್ಸಿನ ಕಥೆ ಅಲ್ಲ. ಫ್ಯಾನ್ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು, ಅದೂ ಸತ್ತಿಲ್ಲ. ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಸಾಲುಸಾಲು ಕೆಂಪು ಗುರುತು. ಅದನ್ನು ನೋಡಿ ಗಾಬರಿಯಾಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅನ್ನುವುದಷ್ಟೇ ಅದರ ಅರ್ಥ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ.

ಆಮೇಲೆ ಮಾಡಿದ ಒಂದು ಸಣ್ಣ ಪರೀಕ್ಷೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನ್ ನೇರ ಒಳಕ್ಕೆ ಊದುವಂತೆ ಇಟ್ಟು, ಅದೇ ಎಕ್ಸ್‌ಪೋರ್ಟ್ ಮತ್ತೆ ಹಾಕಿದೆ. ಹೀಗೆ ಮಾಡಿದಾಗ ಹತ್ತು ಹದಿನೈದು ಡಿಗ್ರಿ ಇಳಿದರೆ ಕ್ಯಾಬಿನೆಟ್ ಒಳಗಿನ ಗಾಳಿ ಹೊರಗೆ ಹೋಗುತ್ತಿಲ್ಲ ಎಂದು ಅರ್ಥ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗಿಯಿತು. ನನ್ನದು 99ರಿಂದ 96ಕ್ಕೆ ಬಂತು. ಮೂರೇ ಡಿಗ್ರಿ. ಅಂದರೆ ನಾಲೆ ಕಟ್ಟಿಕೊಂಡಿರುವುದು ಕೊನೆಯಲ್ಲಲ್ಲ, ತೂಬಿನ ಹತ್ತಿರವೇ.

ಕೂಡಲೇ ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್‌ಸಿಂಕಿನ ಫಿನ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ. ಚಿಪ್ 96 ಡಿಗ್ರಿ ಕುದಿಯುತ್ತಿದೆ, ಅದರ ನೆತ್ತಿಯ ಮೇಲೆ ಕೂತ ಲೋಹ ಬರೀ ಬೆಚ್ಚಗಿದೆ! ಬಿಸಿ ಚಿಪ್ಪಿನಿಂದ ಮೇಲಕ್ಕೆ ಹತ್ತುತ್ತಲೇ ಇಲ್ಲ ಎಂದು ಆಗ ಗೊತ್ತಾಯಿತು. ಕಾರಣ ಇರಬೇಕಾದದ್ದು ನಡುವಿನ ಪೇಸ್ಟಿನಲ್ಲಿ, ಇಲ್ಲವೇ ಹೀಟ್‌ಸಿಂಕ್ ಕೂತಿರುವ ರೀತಿಯಲ್ಲಿ.

ಬಿಚ್ಚುವ ಮೊದಲು ಎರಡು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿ ಮಾಡಿ. ಒಳಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಇನ್ನು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ) ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ಧೂಳು ತೆಗೆದರೆ ಸಾಕು.

ಕ್ಯಾಬಿನೆಟ್ಟನ್ನು ಜಗಲಿಗೆ ತಂದೆ. ನಮ್ಮ ಮನೆಯಿಂದ ಇನ್ನೂರು ಮಾರು ದೂರದಲ್ಲಿ ಆಲೆಮನೆ ಇದೆ. ಒಲೆಗೆ ಕಬ್ಬಿನ ರಚ್ಚು ಹಾಕಿ ಉರಿಸುತ್ತಾರೆ. ಗಾಳಿ ನಮ್ಮ ಕಡೆ ತಿರುಗಿದ ದಿನ ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಕರಿ ಚೂರುಗಳು. ಕಟಾವಾದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟರಂತೂ ಕೇಳುವುದೇ ಬೇಡ. ಆ ಮಸಿಗೆ ಅಡುಗೆಮನೆಯ ಎಣ್ಣೆ ಆವಿಯೂ ಸೇರಿ ಜಿಡ್ಡಾಗಿರುತ್ತದೆ. ಫ್ಯಾನ್ ಬಿಚ್ಚಿ ನೋಡಿದಾಗ ಫಿನ್‌ಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ ಕೂತಿತ್ತು. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಆ ಕಂಬಳಿ ದಾಟಿ ಸರಿಯಾಗಿ ಕೆಳಗೆ ಇಳಿಯುತ್ತಿರಲಿಲ್ಲ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳು ಅಡ್ಡ ಇಡಿ. ಬ್ಲೋವರ್ ಗಾಳಿಗೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಮ್ಮ ಕಡೆಯ ಜಿಡ್ಡು ಧೂಳು ಬರೀ ಗಾಳಿಗೆ ಬಿಡುವುದಿಲ್ಲ; ಹೊಸ ಪೇಂಟ್ ಬ್ರಷ್‌ನಿಂದ ಸಡಿಲಿಸಿ, ಆಮೇಲೆ ಊದಬೇಕಾಯಿತು. ಮನೆಯ ವ್ಯಾಕ್ಯೂಮ್ ಕ್ಲೀನರ್ ಅನ್ನು ಬೋರ್ಡಿನ ಹತ್ತಿರ ತರಲಿಲ್ಲ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಟ್ಯಾಟಿಕ್ ವಿದ್ಯುತ್ ಕೂಡುತ್ತದೆ.

ಹೀಟ್‌ಸಿಂಕ್ ಎತ್ತಿದಾಗ ಪೇಸ್ಟ್ ಇದ್ದ ಜಾಗದಲ್ಲಿ ಒಣಗಿ ಬಿರುಕುಬಿಟ್ಟ ಸುಣ್ಣದಂಥ ಹಕ್ಕಳೆ ಇತ್ತು. ಎರಡು ಲೋಹಗಳು ಕಣ್ಣಿಗೆ ಎಷ್ಟೇ ಸಪಾಟಾಗಿ ಕಂಡರೂ ನಡುವೆ ಸಣ್ಣ ಸಣ್ಣ ಹಳ್ಳಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆ ಹಳ್ಳ ತುಂಬುವುದಷ್ಟೇ ಪೇಸ್ಟಿನ ಕೆಲಸ. ಒಣಗಿದ ಮೇಲೆ ಅದು ಆ ಕೆಲಸ ಮಾಡುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಬಟ್ಟೆಯಿಂದ ಎರಡೂ ಕಡೆ ಕನ್ನಡಿಯಂತೆ ಹೊಳೆಯುವವರೆಗೆ ಒರೆಸಿ, ನಡುಮಧ್ಯೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಬೆರಳಿನಿಂದ ಸವರಲಿಲ್ಲ, ಹೀಟ್‌ಸಿಂಕ್ ಒತ್ತಿದಾಗ ಅದೇ ಹರಡಿಕೊಳ್ಳುತ್ತದೆ. ಪೇಸ್ಟಿಗೂ ಆಲ್ಕೋಹಾಲಿಗೂ ಸೇರಿ ಐನೂರು ರೂಪಾಯಿ ಒಳಗೇ ಆಯಿತು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಎಲ್ಲ ಜೋಡಿಸಿ ಆನ್ ಮಾಡಿದರೆ ಸುಮ್ಮನಿದ್ದಾಗ 47. ಸಂತೋಷವಾಯಿತು. ಎಕ್ಸ್‌ಪೋರ್ಟ್ ಹಾಕಿದರೆ ನಿಧಾನಕ್ಕೆ ಏರುತ್ತಾ 93. ಹೊಸ ಪೇಸ್ಟ್, ಸ್ವಚ್ಛ ಫಿನ್, ಆದರೂ 93! ಆ ಹೊತ್ತಿಗೆ ಸಂಜೆ ಏಳಾಗಿತ್ತು, ಸ್ಟುಡಿಯೋದವರು ಎರಡು ಸಲ ಫೋನ್ ಮಾಡಿದ್ದರು. ಅಂಗಡಿಯವರು ಹೇಳಿದ್ದೇ ನಿಜವೇನೋ ಅಂತ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ನೋಟ್‌ಬುಕ್ ಮತ್ತೆ ನೋಡಿದೆ. ಪ್ರೊಸೆಸರ್ ಒಳಗೆ ಕೆಲಸ ಹಂಚಿಕೊಳ್ಳುವ ನಾಲ್ಕು ಕೋರ್‌ಗಳ ಉಷ್ಣಾಂಶವನ್ನು ಬೇರೆ ಬೇರೆ ಬರೆದುಕೊಂಡಿದ್ದೆ. ಎರಡು 80ರ ಆಸುಪಾಸು, ಎರಡು 93. ಮೊದಲು ನಾಲ್ಕೂ ಹೆಚ್ಚು ಕಡಿಮೆ ಒಂದೇ ಇದ್ದವು. ಒಂದು ಪಕ್ಕ ತಣ್ಣಗಾಗಿ ಇನ್ನೊಂದು ಪಕ್ಕ ಆಗುತ್ತಿಲ್ಲ ಅಂದರೆ ಹೀಟ್‌ಸಿಂಕ್ ಓರೆಯಾಗಿ ಕೂತಿದೆ.

ಪ್ರೊಸೆಸರ್ ಜೊತೆ ಬರುವ ಈ ಕೂಲರಿಗೆ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದು) ನಾಲ್ಕು ಪ್ಲಾಸ್ಟಿಕ್ ಕಾಲುಗಳು. ತೆಗೆಯಲು ಅದರ ತಲೆಯನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿ ಮೇಲಕ್ಕೆ ಎಳೆಯಬೇಕು. ಹಾಕುವ ಮುಂಚೆ ಮರೆಯದೆ ತಲೆಯನ್ನು ವಾಪಸ್ ತಿರುಗಿಸಿ, ಎದುರುಬದುರು ಇರುವ ಮೂಲೆಗಳನ್ನು ಜೋಡಿಯಾಗಿ, 'ಟಿಕ್' ಅನ್ನುವವರೆಗೆ ಒತ್ತಬೇಕು. ನಾನು ಒಂದು ಕಾಲಿನ ತಲೆಯನ್ನು ವಾಪಸ್ ತಿರುಗಿಸಿರಲಿಲ್ಲ. ಮೇಲಿನಿಂದ ನೋಡಿದರೆ ನಾಲ್ಕೂ ಕೂತಂತೆಯೇ ಕಾಣುತ್ತಿತ್ತು. ಕ್ಯಾಬಿನೆಟ್‌ನ ಆ ಕಡೆಯ ಬಾಗಿಲು ತೆಗೆದು ಬೋರ್ಡಿನ ಹಿಂಭಾಗಕ್ಕೆ ಮೊಬೈಲ್ ಟಾರ್ಚ್ ಬಿಟ್ಟಾಗ ಗೊತ್ತಾಯಿತು: ಮೂರು ತೂತುಗಳಲ್ಲಿ ಬಿಳಿ ಕವಲಿನ ನಡುವೆ ಕಪ್ಪು ಮೊಳೆ ಪೂರ್ತಿ ತೂರಿ ಬಂದಿತ್ತು, ನಾಲ್ಕನೆಯದರಲ್ಲಿ ಬಂದಿರಲಿಲ್ಲ. ಕೂಲರ್ ತೆಗೆದವರೆಲ್ಲ ಈ ಹಿಂಭಾಗವನ್ನು ನೋಡಲೇಬೇಕು. ನಾನು ಓದಿಕೊಂಡು ಹೋದ ಕಡೆ ಎಲ್ಲೂ ಇದನ್ನು ಒತ್ತಿ ಹೇಳಿರಲಿಲ್ಲ.

ಮತ್ತೆ ಎತ್ತಿದೆ. ಪೇಸ್ಟ್ ಅರ್ಧ ಚಿಪ್ಪಿನ ಮೇಲೆ ಮಾತ್ರ ತೆಳ್ಳಗೆ ಹರಡಿತ್ತು, ಉಳಿದರ್ಧದಲ್ಲಿ ದಪ್ಪಗೆ ನಿಂತಿತ್ತು. ಒಮ್ಮೆ ಎತ್ತಿದ ಮೇಲೆ ಅದೇ ಪೇಸ್ಟಿನ ಮೇಲೆ ಕೂರಿಸಬಾರದು, ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒರೆಸಿ, ಹೊಸದಾಗಿ ಇಟ್ಟು, ನಾಲ್ಕು ಸಲ 'ಟಿಕ್' ಕೇಳಿಸಿಕೊಂಡು, ಹಿಂಭಾಗ ನೋಡಿ, ಆಮೇಲೆ ಪ್ಲಗ್ ಹಾಕಿದೆ. ಮರುದಿನ ಮಧ್ಯಾಹ್ನ ಕೋಣೆ 33, ಸುಮ್ಮನಿದ್ದಾಗ 42, ಒಂದು ಗಂಟೆ ಎಕ್ಸ್‌ಪೋರ್ಟ್ ಓಡಿದ ಮೇಲೆ 68. ವೇಗ ಒಂದಿಷ್ಟೂ ಇಳಿಯಲಿಲ್ಲ. ಕೋಣೆಗೂ ಚಿಪ್ಪಿಗೂ 65 ಡಿಗ್ರಿ ಇದ್ದ ಅಂತರ 35ಕ್ಕೆ ಬಂದಿತ್ತು. ನಾಲ್ಕು ಆಲ್ಬಂಗಳೂ ಆ ವಾರವೇ ಹೋದವು.

ಉಳಿದ ಬದಲಾವಣೆಗಳು ಸಣ್ಣವು. ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ಗೋಡೆಗೆ ಒತ್ತಿಕೊಂಡಿದ್ದ ಕ್ಯಾಬಿನೆಟ್ ಈಗ ಹೊರಗೆ, ಎರಡು ಇಟ್ಟಿಗೆಯ ಮೇಲಿನ ಹಲಗೆಯಲ್ಲಿದೆ. ಹಿಂದೆ ಒಂದು ಗೇಣು ಜಾಗ. ಮುಂಭಾಗಕ್ಕೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ಅದರಿಂದ ಎರಡು ಡಿಗ್ರಿ ಏರುತ್ತದೆ, ಆದರೆ ಮಸಿ ಒಳಗೆ ಹೋಗುವುದಿಲ್ಲ; ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ. ಹಳೇ ಸೀರೆ ತುಂಡು ಕಟ್ಟಿ ನೋಡಿದಾಗ ಗಾಳಿಯೇ ಹೋಗದೆ ಏಳು ಡಿಗ್ರಿ ಏರಿತ್ತು, ಬಿಚ್ಚಿಹಾಕಿದೆ.

ಕಳೆದ ತಿಂಗಳು ಪಕ್ಕದೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. "ಅಕ್ಕಾ, ನಂದೂ ಹಂಗೇ ಆಫಾಯ್ತದೆ, ಯಾವ ಪೇಸ್ಟ್ ತರ್ಲಿ?" ಅಂದಳು. ಏನೂ ತರಬೇಡ, ಆಫ್ ಆದ ಕೂಡಲೇ ಪ್ಲಗ್ ಕಿತ್ತು ಹೀಟ್‌ಸಿಂಕ್ ಹತ್ತಿರ ಹುಷಾರಾಗಿ ಕೈ ಒಯ್ದು ನೋಡು ಅಂದೆ. ಮುಟ್ಟೋಕೇ ಆಗ್ತಿಲ್ಲ, ಸುಡ್ತದೆ ಅಂದಳು. ಅವಳದರಲ್ಲಿ ಬಿಸಿ ಚಿಪ್ಪಿನಿಂದ ಮೇಲಕ್ಕೆ ಸರಿಯಾಗಿ ಹತ್ತಿತ್ತು. ಮುಂದಕ್ಕೆ ಹೋಗಲು ದಾರಿ ಇರಲಿಲ್ಲ. ಹಿಂದಿನ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಒಂದು ವೈರ್ ಸಿಕ್ಕಿಕೊಂಡು ಅದು ನಿಂತೇ ಹೋಗಿತ್ತು. ವೈರ್ ಬಿಡಿಸಿ ಟ್ಯಾಗ್‌ನಿಂದ ಪಕ್ಕಕ್ಕೆ ಕಟ್ಟಿದಳು.