ಬಿಸಿಲಿನ ತಲೆನೋವಿಗೆ ಮಾತ್ರೆಗಿಂತ ಮೊದಲು ನೀರು

ಬಂಧುಗಳೇ, ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ನಮ್ಮ ಓಣಿಯಲ್ಲಿ ತಲೆನೋವಿನ ಮಾತೇ ಮಾತು. ಹಲವರಿಗೆ ಇದರ ಮೂಲ ಬಾಯಾರಿಕೆ ಮತ್ತು ಖಾಲಿ ಹೊಟ್ಟೆ. ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತವೆ. ನಾವು ಚಹಾ ಕುಡಿದು ಸುಮ್ಮನಾಗುತ್ತೇವೆ. ಬಾಯಿ ಒಣಗುವವರೆಗೆ ಕಾಯದೆ ಆಗಾಗ ನೀರು ಕುಡಿಯಿರಿ, ಮಧ್ಯಾಹ್ನ ರೊಟ್ಟಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಅಧಿಕ ರಕ್ತದೊತ್ತಡ ಇರುವವರು ಮಜ್ಜಿಗೆಗೆ ಉಪ್ಪು ಹಾಕಬೇಡಿ. ಹೊರಗೆ ಹೋಗುವಾಗ ತಲೆಗೆ ಟವೆಲ್ ಅಥವಾ ಸೆರಗು ಹೊದ್ದುಕೊಳ್ಳಿ.

ನನಗೆ ಏಕಾದಶಿಯ ಸಂಜೆ ತಪ್ಪದೆ ತಲೆ ಸಿಡಿಯುತ್ತಿತ್ತು. ಬೆಳಗಿನ ಚಹಾವನ್ನು ಒಮ್ಮೆಲೇ ಬಿಡುತ್ತಿದ್ದುದೂ ಒಂದು ಕಾರಣವೆಂದು ಆಮೇಲೆ ತಿಳಿಯಿತು. ಈಗ ಎರಡು ದಿನ ಮೊದಲೇ ಕಡಿಮೆ ಮಾಡುತ್ತೇನೆ.

ನಿದ್ದೆಗೆಡುವುದು, ಕತ್ತು ಬಗ್ಗಿಸಿ ಮೊಬೈಲ್ ನೋಡುವುದು, ಕನ್ನಡಕದ ನಂಬರ್ ಬದಲಾಗಿರುವುದು ಕೂಡ ಕಾರಣವಾಗಬಹುದು.

ಮಾತ್ರೆಯ ವಿಷಯದಲ್ಲಿ ದಯವಿಟ್ಟು ಎಚ್ಚರ. ತಿಂಗಳಲ್ಲಿ ಹದಿನೈದು ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಕೆಲವು ಮಾತ್ರೆಗಳಾದರೆ ತಿಂಗಳಿಗೆ ಹತ್ತು ದಿನ ನುಂಗಿದರೂ ಹೀಗಾಗಬಹುದು. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಅಂಗಡಿಗಲ್ಲ, ವೈದ್ಯರ ಬಳಿ ಹೋಗಿ.

ಹಠಾತ್ತನೆ ಬಂದ ಅಸಹನೀಯ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ಬಿದ್ದು ಪೆಟ್ಟಾದ ಮೇಲಿನ ತಲೆನೋವು, ಬಿಸಿಲಿನಲ್ಲಿದ್ದವರಿಗೆ ಮೈ ತುಂಬಾ ಬಿಸಿಯಾಗಿ ಗೊಂದಲವಾಗುವುದು: ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಬೇಡ. ತಕ್ಷಣ 108ಕ್ಕೆ ಕರೆ ಮಾಡಿ.