ಎರಡನೇ ಪಿರಿಯಡ್ ಗಣಿತ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಣ್ಣ ಪಟ್ಟಣವೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತನೇ ತರಗತಿಯ ಎಂಕ್ಯಾಸ್ (MCAS) ಎಂಬ ರಾಜ್ಯಮಟ್ಟದ ಪರೀಕ್ಷೆಯಲ್ಲಿ ಫೇಲಾದವರು ಕೆಲವು ವರ್ಷ ನನ್ನ ಪಾಲಿಗಿದ್ದರು. ಇಂಗ್ಲಿಷ್, ಗಣಿತ ಪಾಸಾಗದಿದ್ದರೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು, ಇಲ್ಲ ಎಂಬ ನಿಯಮ ಇಲ್ಲಿ 2003ರ ಬ್ಯಾಚಿನಿಂದ ಇತ್ತು. ಆಮೇಲೆ ವಿಜ್ಞಾನವೂ ಸೇರಿತು.

ನಮ್ಮ ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ಕಂಡುಕೊಂಡ ಮದ್ದು ಸರಳ. ಫೇಲಾದವರಿಗೆ ದಿನಕ್ಕೆ ಎರಡು ಪಿರಿಯಡ್ ಗಣಿತ. ಎರಡನೆಯದಕ್ಕೆ ಜಾಗ ಬೇಕಲ್ಲ, ಚಿತ್ರಕಲೆಯನ್ನೋ ಮರಗೆಲಸವನ್ನೋ ತೆಗೆಯುತ್ತಿದ್ದರು. ಮಕ್ಕಳು ಮುಖ ಊದಿಸಿಕೊಂಡೇ ಒಳಗೆ ಬರುತ್ತಿದ್ದರು. ತಪ್ಪೇನು, ಅವರಿಗೆ ಇಷ್ಟವಿದ್ದ ಒಂದೇ ಕ್ಲಾಸನ್ನು ಕಿತ್ತುಕೊಂಡಿದ್ದೆವು.

ಮೊದಲ ವರ್ಷ ಹಳೆ ಪ್ರಶ್ನೆಗಳನ್ನು ರಾಶಿ ಹಾಕಿ ಬಿಡಿಸಿದ್ದೇ ಬಿಡಿಸಿದ್ದು. ಎಸೆಸೆಲ್ಸಿ ಬರೆದು ಬಂದವಳು, ಇನ್ನೇನು ಗೊತ್ತಿರುತ್ತೆ! ಹೆಚ್ಚೇನೂ ಗಿಟ್ಟಲಿಲ್ಲ. ಕಾರಣ ತಿಳಿದದ್ದು ಬ್ರೆಜಿಲ್‌ನಿಂದ ಬಂದಿದ್ದ ಹುಡುಗನೊಬ್ಬನ ಹಾಳೆ ನೋಡಿದಾಗ. ಉತ್ತರ 14, ಸರಿಯಾಗಿತ್ತು. ಸುತ್ತ ಎಲ್ಲ ಖಾಲಿ. ಪ್ರಶ್ನೆಯ ಕೆಳಗೆ, ಉತ್ತರ ಹೇಗೆ ಬಂತೆಂದು ತೋರಿಸಿ ಅಥವಾ ವಿವರಿಸಿ ಎಂದಿತ್ತು. ಅವನಿಗೆ ಗಣಿತ ಬರುತ್ತಿತ್ತು, ಆ ಸಾಲು ಬರುತ್ತಿರಲಿಲ್ಲ.

ಮರುದಿನದಿಂದ ಮೊದಲ ಹದಿನೈದು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ ಎಂದೆ. ಸುಮ್ನೆ ಓದಿ, ಏನು ಕೇಳಿದ್ದಾರೆ ಅಂತ ಪಕ್ಕದವರಿಗೆ ಹೇಳಿ. ಇಂಗ್ಲಿಷ್ ಕಲಿಯುತ್ತಿರುವವರು ಪರೀಕ್ಷೆಗೆ ಪದಕ್ಕೆ ಪದ ಕೊಡುವ ನಿಘಂಟು ತರಬಹುದು. ಅದರಲ್ಲಿ ಹುಡುಕುವುದಕ್ಕೂ ಕೈ ಪಳಗಬೇಕು. ಹಾಗಾಗಿ ದಿನಾ ಡೆಸ್ಕ್ ಮೇಲೆ ಇಡಿಸಿದೆ. ಇನ್ನೊಂದು ವಿಷಯ, ಇಲ್ಲಿ ಬೆಲ್ ಹೊಡೆದು ಪೇಪರ್ ಕಸಿಯುವವರಿಲ್ಲ. ಸ್ಕೂಲು ಬಿಡುವವರೆಗೂ ಬರೆಯಬಹುದು. ಆದರೂ ಮಕ್ಕಳು ನಲವತ್ತು ನಿಮಿಷಕ್ಕೇ ಮುಗೀತು ಅಂತ ಕೈಕಟ್ಟಿ ಕೂರುತ್ತಿದ್ದರು. "ಇನ್ನೊಂದ್ಸಲ ಓದು" ಅನ್ನುವುದೇ ನನ್ನ ಅರ್ಧ ಪಾಠವಾಯಿತು. ನವೆಂಬರ್ ಮರುಪರೀಕ್ಷೆಯಲ್ಲಿ ಆ ಹುಡುಗ ಮಧ್ಯಾಹ್ನದವರೆಗೂ ಬರೆದ. ಪಾಸಾದ.

2024ರ ನವೆಂಬರ್‌ನಲ್ಲಿ ರಾಜ್ಯದ ಜನ ಮತ ಹಾಕಿ ಈ ಷರತ್ತನ್ನೇ ತೆಗೆದರು. ತೆಗೆಯಿರಿ ಎಂದವರು ನೂರಕ್ಕೆ 59. ಪರೀಕ್ಷೆ ಈಗಲೂ ಇದೆ, ಡಿಪ್ಲೊಮಾಗೆ ಅಡ್ಡ ಬರುವುದಿಲ್ಲ ಅಷ್ಟೇ. ಯಾರು ಕಲಿತಿದ್ದಾರೆ ಎಂದು ಈಗ ಡಿಸ್ಟ್ರಿಕ್ಟೇ ಹೇಳಬೇಕು. ನಮ್ಮ ಕಮಿಟಿಯಲ್ಲಿ ಒಂದು ಸಂಜೆ ಪೂರ್ತಿ ಇದೇ ಜಗ್ಗಾಟ: ಆಲ್ಜಿಬ್ರಾದಲ್ಲಿ ಡಿ ಗ್ರೇಡ್ ತೆಗೆದವನು ಕಲಿತ ಹಾಗಾ? ಇಲ್ಲ, ಅವನಿಗೆ ಇನ್ನೂ ಹೇಳಿಕೊಡಬೇಕು ಎಂದೆ ನಾನು. ಎದುರಿಗೆ ಚಿತ್ರಕಲೆಯ ಟೀಚರ್ ಕೂತಿದ್ದರು. "ಯಾವ ಪಿರಿಯಡ್‌ನಲ್ಲಿ?" ಅಂತ ಕೇಳಿದರು.